ಬ್ಯಾರನ್ ಮುಂದಿನ ಹಾಡು

"ತಾತ, ಇದು ಯಾರ ದನಿ?" ಮಧುಶ್ರೀ ಲ್ಯಾಪ್‌ಟಾಪಿನಲ್ಲಿ ಹಾಡನ್ನು ತಟ್ಟನೆ ನಿಲ್ಲಿಸಿದಳು. ಜವರಯ್ಯನ ಕಿವಿ ಆಗಲೇ ನಿಮಿರಿತ್ತು. ಹರೆಯದಲ್ಲಿ ಪಿರಿಯಾಪಟ್ಟಣದ ಗೆಳೆಯರೊಡನೆ ಕಟ್ಟಿದ್ದ ‘ಗುಡುಗು’ ರಾಕ್ ಬ್ಯಾಂಡಿನ ಹಾಡು ಅದು. ಹೊಗೆಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಹದ ಮಾಡುವ ಬ್ಯಾರನ್ ಮನೆಯ ಮುಂದೆ ಕೂತು ಹಾಡಿ ರೆಕಾರ್ಡ್ ಮಾಡಿದ್ದ ಆ ಕ್ಯಾಸೆಟ್ ಹೊರಗೆ ಬರಲೇ ಇಲ್ಲ. ಈಗ ಮೊಮ್ಮಗಳು ಅದರ ಗೊರಗೊರ ಸದ್ದನ್ನೆಲ್ಲ ಸೋಸಿ ತೆಗೆದಿದ್ದಳು.

ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿ ಜಯಲಕ್ಷ್ಮಮ್ಮ ತಲೆಯೆತ್ತದೆ ಗೊಣಗಿದಳು. "ಅದೇ ಕಿರುಚಾಟ ಕಣವ್ವ! ನಿಮ್ಮ ತಾತ ಆಡು ಏಳ್ಕಂಡು ಕುಂತು ಬ್ಯಾರನ್ ಬೆಂಕಿ ಆರಿಸ್ಬುಟ್ರು. ಸೊಪ್ಪೆಲ್ಲ ಆಳಾಗೋಯ್ತು." ಮದುವೆಯಾದ ಹೊಸತರ ಆ ಕಥೆಯನ್ನು ಅವಳು ಒಂದು ಹಬ್ಬವೂ ಬಿಡದೆ ನೆಂಟರ ಮುಂದೆ ಹೇಳುತ್ತ ಬಂದಿದ್ದಳು. ಜವರಯ್ಯ ಎದುರಾಡಿದವನಲ್ಲ, ಗಿಟಾರನ್ನೂ ಅಟ್ಟಕ್ಕೆ ಹಾಕಿಬಿಟ್ಟಿದ್ದ.

ಮಧುಶ್ರೀ ಸದ್ದು ಏರಿಸಿ ಮತ್ತೆ ಹಾಕಿದಳು. ಅವನ ಒರಟು ದನಿಯ ಹಿಂದೆ ಎಳೆಯ ಹೆಣ್ಣುದನಿಯೊಂದು ಪಲ್ಲವಿಯನ್ನು ಮೈಮರೆತು ಹಾಡುತ್ತಿತ್ತು. ತಾಳಕ್ಕೆ ಸರಿಯಾಗಿ ಬಳೆಗಳೂ ಕುಣಿಯುತ್ತಿದ್ದವು. ಜಯಲಕ್ಷ್ಮಮ್ಮನ ಕೈ ಅವರೆಕಾಯಿಯ ಮೇಲೆ ಹಾಗೇ ನಿಂತಿತು.

"ಲೇ ಜಯಾ," ಎಂದ ಜವರಯ್ಯ, ನಗು ತಡೆದುಕೊಂಡು. "ನೀವು ಆಡು ಏಳ್ಕಳಿ, ಬ್ಯಾರನ್ ಒಲೆಗೆ ಸೌದೆ ನಾನು ಆಕ್ತೀನಿ ಅಂದಿದ್ದೋಳು ನೀನೇ ಅಲ್ವಾ?"

ಅವಳು ಅವರೆಕಾಯಿಯ ಮೊರವನ್ನು ಅವನ ಮಡಿಲಿಗೆ ತಳ್ಳಿ ಲ್ಯಾಪ್‌ಟಾಪಿನ ಹತ್ತಿರಕ್ಕೆ ಜರುಗಿದಳು. "ಸೊಪ್ಪು ಓದ್ರೆ ಓಯ್ತು ಬುಡಿ. ಆಡು ಚೆಂದಾಗಿ ಬಂದೈತೆ."