ಮೂರು ಮಿಲಿಮೀಟರ್ ಮಳೆ

ಮೂಗಯ್ಯ ಚೊಂಬು ಬಗ್ಗಿಸುವುದಕ್ಕೂ ಬೇಲಿಯಾಚೆ ಯಾರೋ ಕೆಮ್ಮುವುದಕ್ಕೂ ಸರಿಹೋಯಿತು. ಮಳೆಮಾಪಕದ ಬಾಯಿಗೆ ಬೀಳಬೇಕಾದ ನೀರು ಅರ್ಧ ಅವನ ಪಾದದ ಮೇಲೆ ಬಿತ್ತು.

“ಏನ್ಲಾ ಮೂಗ, ಬೆಳಬೆಳಗ್ಗೇನೇ ಅಭಿಷೇಕ್ವಾ?” ಪಕ್ಕದ ಹೊಲದ ಮಾದಪ್ಪನವರು.

“ತೊಳೀತಾ ಇವ್ನಿ ಕಣಣ್ಣ. ಇವತ್ತು ಡೆಲ್ಲಿ ಸಾಹೇಬ್ರು ಬತ್ತಾರೆ.”

ಮಾದಪ್ಪ ನಕ್ಕು ಕಳೆ ಕೀಳಲು ಬಗ್ಗಿದರು. ನಂಬಿದರೋ ಇಲ್ಲವೋ, ಆ ಶಿವನೇ ಬಲ್ಲ.

ಹರವೆ ಹತ್ತಿರದ ಆ ಹಳ್ಳಿಯಲ್ಲಿ ಮೂಗಯ್ಯನ ಕೆಲಸ ಇಷ್ಟೇ: ದಿನಾ ಎಂಟೂವರೆಗೆ ಮಳೆ ಅಳೆದು ಪುಸ್ತಕದಲ್ಲಿ ಬರೆಯುವುದು. ಭೂಮಿಯ ಬಿಸಿ ಏರುತ್ತಿರುವುದರ ಬಗ್ಗೆ ಕೇಂದ್ರ ಸರ್ಕಾರದ ನೆರವಿನಿಂದ ನಡೆಯುತ್ತಿದ್ದ ಸಂಶೋಧನೆ. ಐದು ವರ್ಷ ಮುಗಿದಿತ್ತು. ಇನ್ನು ಹತ್ತು ವರ್ಷ ಇಲ್ಲೇ ಮುಂದುವರಿಸುವುದೋ ಬಿಡುವುದೋ, ಇವತ್ತೇ ತೀರ್ಮಾನ. ಮನೆಗೆ ಉಳಿದಿದ್ದದ್ದು ಇದೊಂದೇ ಕೆಲಸ.

ಸೊನ್ನೆ ಕಂಡರೆ ಅವನಿಗೆ ಭಯ. ಮಳೆಮಾಪಕ ನಿಂತ ಇದೇ ಆವರಣದಲ್ಲಿ ಮೊದಲು ಶಾಲೆಯಿತ್ತು. ಹೆಂಡತಿ ಚಿಕ್ಕನಿಂಗಮ್ಮ ಅಲ್ಲಿ ಬಿಸಿಯೂಟ ಬೇಯಿಸುತ್ತಿದ್ದಳು. ಮಕ್ಕಳ ಹಾಜರಿ ಸೊನ್ನೆಯಾಯಿತೆಂದು ಬೀಗ ಜಡಿದರು, ಅವಳ ಕೆಲಸವೂ ಹೋಯಿತು. ಮೊದಲ ಮುಂಗಾರಿನಲ್ಲಿ ಸತತ ಆರು ಸೊನ್ನೆ ಬರೆದ ದಿನ ಮೂಗಯ್ಯನಿಗೆ ಶಾಲೆಯ ಬೀಗ ನೆನಪಾಗಿತ್ತು. ಅಂದಿನಿಂದ ಮುಂಗಾರು ಕೈಕೊಟ್ಟಾಗಲೆಲ್ಲ ಏಳನೇ ದಿನ ಚೊಂಬಿನಿಂದ ಮೂರೇ ಮೂರು ಮಿಲಿಮೀಟರ್. ಹೆಚ್ಚು ಸುರಿದರೆ ತಾನೇ ಅನುಮಾನ?

ಚಾಮರಾಜನಗರದಿಂದ ಜೀಪು ಬಂತು. ವಿಜ್ಞಾನಿ ಕಾವ್ಯಶ್ರೀ ಇಳಿದಳು, ಹಿಂದೆ ದೆಹಲಿಯ ಅಧಿಕಾರಿ. ಅವರು ಪುಸ್ತಕ ತಿರುವುತ್ತ ಒಂದು ಪುಟದ ಮೇಲೆ ಬೆರಳಿಟ್ಟು ನಿಂತರು. ಕಾವ್ಯಶ್ರೀಯ ಕಿವಿಯಲ್ಲಿ ಏನೋ ಹೇಳಿದರು. ಅವಳು ಬೇಲಿಯತ್ತ ತಿರುಗಿ ಮಾದಪ್ಪನವರನ್ನೇ ಕೇಳಿಬಿಟ್ಟಳು:

“ಯಜಮಾನ್ರೇ, ಈ ಕಡೆ ಮಳೆ ಹೇಗೆ?”

ಮೂಗಯ್ಯ ಚೊಂಬನ್ನು ಬೆನ್ನ ಹಿಂದೆ ಮರೆಮಾಡಿದ.

“ಪುಸ್ತಕ್ದಲ್ಲಿ ಏನೈತೋ ಅದೇಯ ಕಣವ್ವ,” ಎಂದರು ಮಾದಪ್ಪ, ಮೂಗಯ್ಯನ ಮುಖವನ್ನೇ ನೋಡುತ್ತ.

ಅಧಿಕಾರಿ ಪುಸ್ತಕ ಮುಚ್ಚಿ ಮೂಗಯ್ಯನ ಬೆನ್ನು ತಟ್ಟಿದರು. ಒಂದು ದಿನವೂ ತಪ್ಪಿಸದೆ ಬರೆದವನು ಇಡೀ ಜಿಲ್ಲೆಯಲ್ಲಿ ಇವನೊಬ್ಬನೇ ಅಂತೆ. ಹೋದ ಜೀವ ಬಂದಂತಾಯಿತು. ಸಂಜೆ ಚಿಕ್ಕನಿಂಗಮ್ಮನಿಗೆ ಈ ಸಿಹಿಸುದ್ದಿ ಹೇಗೆ ಹೇಳಲಿ ಎಂದು ಆಗಲೇ ಯೋಚಿಸತೊಡಗಿದ.

“ಅಂಗಾರೆ ಇನ್ನತ್ತು ವರ್ಷ ಇಲ್ಲೇ ಇರ್ತದಾ ಮೇಡಮ್ಮು?”

ಕಾವ್ಯಶ್ರೀ ನೆಲ ನೋಡಿದಳು.

“ಇಲ್ಲ ಮೂಗಯ್ಯ, ಗುಂಡ್ಲುಪೇಟೆ ಕಡೆಗೆ ಸಾಗಿಸ್ತಾರೆ, ಮುಂಗಾರಲ್ಲೂ ಮೂರು ವಾರ ಹನಿ ಬೀಳದ ಊರಿಗೆ ಮಾತ್ರ ಸರ್ಕಾರದ ನೆರವು, ನಿಮ್ಮ ಮುಂಗಾರಿನ ಪುಟಗಳಲ್ಲಿ ಸತತ ಏಳು ಸೊನ್ನೆಯೂ ಸಿಗಲಿಲ್ಲ.”