ಐತವಾರದ ಟಿಕೆಟ್

ಪೇಟೆಯಲ್ಲಿ ಕಸ್ತೂರಿಯ ಸಂಸಾರದ ಬಾಡಿಗೆ ಖೋಲಿ ಹೆದ್ದಾರಿಗೆ ಅಂಟಿಕೊಂಡಿತ್ತು. ಲಾರಿಗಳ ಸದ್ದಿಗೆ ಎರಡು ವರ್ಷದ ಕೂಸು ಬೆಚ್ಚಿಬೆಚ್ಚಿ ಏಳುತ್ತಿತ್ತು. ಅದರ ನಿದ್ದೆಯ ಸಲುವಾಗಿಯೇ ಗಂಡ ಹೆಂಡತಿ ಪೇಟೆ ಬಿಟ್ಟು, ದೂರದ ಹಳ್ಳಿಯಲ್ಲಿ ಮನೆ ಹಿಡಿದರು.

ಆದರೆ ಕಸ್ತೂರಿಯ ಹೊಲಿಗೆ ಕಾರ್ಖಾನೆ ಪೇಟೆಯಲ್ಲೇ ಉಳಿಯಿತು. ದೊಡ್ಡ ಮಗಳ ಶಾಲೆಯೂ, ಕೂಸನ್ನು ಬಿಡುವ ಶಿಶುವಿಹಾರವೂ ಅಲ್ಲೇ. ನಸುಕಿನ ಬಸ್ಸಿಗೆ ಮೂವರೂ ಹತ್ತುವುದು, ದೀಪ ಹಚ್ಚುವ ಹೊತ್ತಿಗೆ ಮೂವರೂ ಇಳಿಯುವುದು. ದಾರಿಯುದ್ದಕ್ಕೂ ಕೂಸು ಅವಳ ತೊಡೆಯ ಮೇಲೆ ಮಲಗಿರುತ್ತಿತ್ತು. ಎಂಟು ತಿಂಗಳು ಹೀಗೇ ಕಳೆಯಿತು.

ಒಂದು ಐತವಾರ ಮಧ್ಯಾಹ್ನ ಅವಳು ಕೂಸನ್ನು ಹೆಗಲಿಗೆ ಹಾಕಿಕೊಂಡು, ಮಗಳ ಕೈ ಹಿಡಿದು ಬಸ್ ನಿಲ್ದಾಣದ ಕಟ್ಟೆಗೆ ಬಂದು ನಿಂತಳು. ಕೂಸಿನ ಮುಖ ಅತ್ತೂ ಅತ್ತೂ ಊದಿತ್ತು.

ಕಟ್ಟೆಯ ಮೇಲಿದ್ದ ನೆರೆಮನೆಯ ಮುದುಕಿ ಕೇಳಿದಳು, "ಸೂಟಿ ದಿನಾನೂ ಹೊಂಟೀಯಲ್ಲವ್ವಾ! ಗಂಡನ ಜೋಡಿ ಜಗಳ ಮಾಡೀಯೇನು?"

"ಇಲ್ಲ ಆಯಿ."

"ಮತ್ತ ನಮ್ಮೂರು ಬ್ಯಾಸರಾತೇನು? ಇಂಥಾ ತಂಪು ಗಾಳಿ ಬಿಟ್ಟು ಆ ಹೊಗಿಯೊಳಗ ಏನೈತಿ ನಿನಗ?"

ಅಷ್ಟರಲ್ಲಿ ಬಸ್ಸು ಬಂತು. ಕಸ್ತೂರಿ ಮಕ್ಕಳನ್ನು ಹತ್ತಿಸಿ, ಎಂಜಿನ್ನಿನ ಪಕ್ಕದ ಸೀಟಿನಲ್ಲೇ ಕುಳಿತಳು.

ಕಂಡಕ್ಟರ್ ಮಷೀನು ಹಿಡಿದು ಬಂದ. "ಅಕ್ಕಾರ, ಇವತ್ತ ಕಾರ್ಖಾನಿ ಬಂದ್ ಅಲ್ಲೇನ್ರಿ? ಹೆಣ್ಮಕ್ಕಳಿಗೆ ಟಿಕೆಟ್ ಪುಕ್ಕಟ ಖರೆ, ಆದ್ರ ಊರ ಹೆಸರು ಹೇಳಬೇಕಲ್ರಿ. ಎಲ್ಲಿಗೆ ಕೊಡ್ಲಿ?"

"ಈ ಬಸ್ಸು ಎಲ್ಲಿತನಕ ಹೋಗತೈತಿ, ಅಲ್ಲಿತನಕ ಕೊಡ್ರಿ ಅಣ್ಣಾ," ಎಂದಳು ಕಸ್ತೂರಿ. "ಸಪ್ಪಳ ಇಲ್ಲದ ಮನ್ಯಾಗ ಈ ಕೂಸಿಗೆ ನಿದ್ದಿ ಹತ್ತವಲ್ದು."