ಸಣ್ಣ ಕೋಣೆಗೆ ಒಂದಿಷ್ಟು ಹಳೆ ಸಾಮಾನು

ಹೆಂಡತಿ ಸರಿಯಾಗಿ ಆ ಅಂಗಡಿಯ ಮುಂದೆಯೇ ನಿಂತಳು. ಅವನು ಫೋನು ತೆಗೆದು ತಲೆ ತಗ್ಗಿಸಿದ.

ರೈಲು ಹಳಿಯ ಗೋಡೆಯುದ್ದಕ್ಕೂ ಹರಡಿದ್ದ ಗುಜರಿ ಸಂತೆಯಲ್ಲಿ ಅಂಗಡಿಗಳಿಗೇನೂ ಬರವಿರಲಿಲ್ಲ. ಅಷ್ಟನ್ನೂ ಬಿಟ್ಟು, ನೀಲಿ ತಾಡಪಾಲಿನ ಮೇಲೆ ನಾಲ್ಕು ಸಾಮಾನು ಇಟ್ಟುಕೊಂಡು ಕೂತ ಈ ಹೆಂಗಸೇ ಬೇಕಿತ್ತೇ? ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡಿದ್ದ ಅವಳನ್ನು ಅವನು ಮುಖ ನೋಡಿ ಗುರುತಿಸಲಿಲ್ಲ. ಪಕ್ಕದಲ್ಲಿದ್ದ ಬೆತ್ತದ ಕುರ್ಚಿ ನೋಡಿ ಗುರುತಿಸಿದ. ಅದರಲ್ಲಿ ಎಷ್ಟೋ ಸಂಜೆ ಅವನು ಕಾಲು ಚಾಚಿ ಕೂತಿದ್ದ.

ಔಷಧ ಕಂಪನಿಯ ಕೆಲಸ. ಬ್ಯಾಗು ಹಿಡಿದು ಆಸ್ಪತ್ರೆಯಿಂದ ಆಸ್ಪತ್ರೆಗೆ ತಿರುಗಾಟ. ಹೆಂಡತಿಗೆ ಟೂರ್ ಎಂದು ಹೇಳಿ ಊರಿನ ಇನ್ನೊಂದು ತುದಿಯ ಈ ಹೆಂಗಸಿನ ಮನೆ ಸೇರುತ್ತಿದ್ದ. ಅವಳನ್ನು ಗುಬ್ಬಿ ಎಂದು ಕರೆಯುತ್ತಿದ್ದ. ಒಂದು ದಿನ ಅವಳು ಫೋನಿನಲ್ಲಿ, "ನಿಮ್ಹತ್ರ ಒಂದು ವಿಷಯ ಮಾತಾಡ್ಬೇಕು" ಎಂದಳು. ಮದುವೆಯ ರಾಗವೇ ಇರಬೇಕೆಂದು ಅವನು ಫೋನಿಟ್ಟ. ನಂಬರನ್ನೂ ಬದಲಾಯಿಸಿದ. ಅಲ್ಲಿಗೆ ಮುಗಿಯಿತು ಎಂದುಕೊಂಡು ಎರಡು ವರ್ಷದ ಮೇಲಾಗಿತ್ತು.

"ಕುರ್ಚಿ ಹೇಗಮ್ಮ?" ಎಂದಳು ಹೆಂಡತಿ. ಬೆಲೆ ಕೇಳಿ ಹುಬ್ಬೇರಿಸಿದಳು. "ಬೆತ್ತ ನೋಡು, ಯಾವನೋ ದಡೂತಿ ಆಸಾಮಿ ಕೂತು ಕೂತು ಕುಳಿ ಬಿದ್ದಿದೆ. ಅರ್ಧಕ್ಕೆ ಕೊಡು."

"ಕೂತೋರು ಎದ್ದು ಹೋದ್ರಕ್ಕ. ಕುಳಿ ಉಳ್ಕೊಳ್ತು."

"ರೀ, ನೀವೇನಂತೀರಿ?"

"ನಿನ್ನಿಷ್ಟ" ಎಂದ ಅವನು, ಫೋನಿನಿಂದ ಕಣ್ಣೆತ್ತದೆ.

ಮದುವೆಯಾದಾಗಿನಿಂದ ಮುರುಕು ಪೆಟ್ಟಿಗೆ, ಹಳೆ ಪತ್ರಿಕೆ ತುಂಬಿಕೊಂಡು ಧೂಳು ತಿನ್ನುತ್ತಿದ್ದ ಸಣ್ಣ ಕೋಣೆಯನ್ನು ಸಿಂಗರಿಸುವ ಹುಚ್ಚು ಹೆಂಡತಿಗೆ ಹಿಡಿದಿತ್ತು. ಶಾಲೆಯಲ್ಲಿ ಚಿತ್ರಕಲೆ ಹೇಳಿಕೊಡುವವಳು, ಬಣ್ಣದ ಕೈ. "ಹೊಸದು ತಗೊಂಡ್ರೆ ದುಡ್ಡು ದಂಡ. ಹಳೇ ಮರ ಗಟ್ಟಿ" ಎನ್ನುತ್ತಿದ್ದಳು. ಯಾರಿಗೆ ಈ ಕೋಣೆ ಎಂದು ಕೇಳಿದರೆ, "ಬಂದೋರಿಗೆ" ಎಂದು ನಕ್ಕಳು. ಕುರ್ಚಿಯನ್ನು ಉಪ್ಪುಕಾಗದದಿಂದ ತಿಕ್ಕಿದಳು. ಒಂದು ಸಿಬಿರೂ ಏಳದ ಹಾಗೆ ಅಂಗೈ ಆಡಿಸಿ ಆಡಿಸಿ ನೋಡಿದಳು.

ಮುಂದಿನ ಭಾನುವಾರ ಮತ್ತೆ ಅದೇ ಅಂಗಡಿ. ತಲೆನೋವು ಎಂದ, ಮಾತ್ರೆ ಕೊಟ್ಟು ಎಳೆದುಕೊಂಡು ಹೋದಳು. ಗಾಜಿನ ದೀಪವನ್ನು ಗುಬ್ಬಿ ಎತ್ತಿ ಹಿಡಿದರೆ, "ಒಡೆದ್ರೆ ಕಷ್ಟ" ಎಂದು ಹೆಂಡತಿ ಬದಿಗಿಡಿಸಿದಳು. ಚೌಕದ ಮೇಜು ಬೇಡವೆಂದು ಗಿಡ್ಡನೆಯ ದುಂಡು ಮೇಜು ಆರಿಸಿದಳು. ಗುಬ್ಬಿ ಒಮ್ಮೆಯೂ ಅವನನ್ನು ಗುರುತಿಸಿದ ಹಾಗೆ ತೋರಿಸಿಕೊಳ್ಳಲಿಲ್ಲ. ಮೇಜನ್ನು ಎತ್ತಿಕೊಡಲು ಎದ್ದವಳು ಅರ್ಧಕ್ಕೇ ಏದುಸಿರು ಬಿಟ್ಟು ಗೋಡೆ ಹಿಡಿದು ನಿಂತಳು. ಪಕ್ಕದ ಅಂಗಡಿಯವನು ಓಡಿ ಬಂದ. ಇವನು ಮಾತ್ರ ಹೆಂಡತಿಯ ಬ್ಯಾಗು ತಬ್ಬಿಕೊಂಡು ನಿಂತೇ ಇದ್ದ.

ಅದರ ಮುಂದಿನ ವಾರ ದಪ್ಪ ಜಮಖಾನೆ, ಪರದೆ. ಆ ಪರದೆಗಳ ಹಿಂದೆ ಅವನು ಎಷ್ಟು ನಿದ್ದೆ ತೆಗೆದಿದ್ದನೋ!

"ಇಷ್ಟೊಳ್ಳೆ ಸಾಮಾನು ನಿನ್ಹತ್ರ ಹೇಗೆ ಬಂತು?" ಹೆಂಡತಿಯ ದನಿ ಏರಿತು. "ಕದ್ದ ಮಾಲು ತಾನೆ?"

ಸುತ್ತಲಿನವರು ತಿರುಗಿ ನೋಡಿದರು. ಗುಬ್ಬಿ ಪರದೆ ಕೆಳಗಿಟ್ಟಳು. ಮೊದಲ ಸಲ ಅವನನ್ನು ನೇರವಾಗಿ ನೋಡಿದಳು.

"ನೀವಾದ್ರೂ ಹೇಳಿ ಸರ್. ನಾನು ಕಳ್ಳಿ ಥರ ಕಾಣ್ತೀನಾ?"

ಹೆಂಡತಿಯೂ ಅವನನ್ನೇ ನೋಡುತ್ತಿದ್ದಳು.

"ಯಾರಿಗೆ ಗೊತ್ತಮ್ಮ" ಎಂದ ಅವನು. "ಈ ಕಾಲದಲ್ಲಿ ಯಾರನ್ನ ನಂಬೋದು?"

ಗುಬ್ಬಿ ತಲೆ ತಗ್ಗಿಸಿ ಪರದೆ ಮಡಚಿದಳು. ಹೆಂಡತಿ ದುಡ್ಡು ಕೊಟ್ಟಳು. ದಾರಿಯುದ್ದಕ್ಕೂ ಅವನಿಗೆ ಹಾಡು ಗುನುಗುವಷ್ಟು ಹಗುರ. ಬಚಾವಾದೆ, ಅಂದುಕೊಂಡ. ಗುಬ್ಬಿ ಬಾಯಿ ಬಿಡುವುದಿದ್ದರೆ ಇವತ್ತೇ ಬಿಡುತ್ತಿದ್ದಳು.

ನಾಲ್ಕನೆಯ ಭಾನುವಾರ ಹೆಂಡತಿ ಒಬ್ಬಳೇ ಹೊರಟಳು. "ನೀವು ಬೇಡ. ಇನ್ನೊಂದೇ ಬಾಕಿ, ಅದನ್ನ ನಾನೇ ತರ್ತೀನಿ."

ಅವನು ಸಣ್ಣ ಕೋಣೆಗೆ ಹೋಗಿ ಕುರ್ಚಿಯಲ್ಲಿ ಕಾಲು ಚಾಚಿದ. ಗೋಡೆಗೆ ತಿಳಿಹಳದಿ ಬಣ್ಣ, ಕಿಟಕಿಯ ಕೆಳಗಿನ ಅರ್ಧಕ್ಕೆ ಹೊಸ ಜಾಲರಿ. ಕಡಿಮೆ ಕಾಸಿನಲ್ಲಿ ಎಂಥ ಚೆಂದ ಮಾಡಿಬಿಟ್ಟಳು, ಭೇಷ್ ಎನ್ನಬೇಕು ಎಂದುಕೊಳ್ಳುವಷ್ಟರಲ್ಲಿ ಆಟೋ ನಿಂತ ಸದ್ದಾಯಿತು.

ಹೆಂಡತಿಯ ಹೆಗಲ ಮೇಲೆ ಒಂದು ಹೆಣ್ಣುಮಗು ಮಲಗಿತ್ತು. ಆಗಷ್ಟೇ ನಡಿಗೆ ಕಲಿತಿರಬಹುದಾದ ವಯಸ್ಸು. ಅವನು ದಡಬಡಿಸಿ ಎದ್ದ.

"ಯಾರ ಮಗು?"

ಅವಳು ಮಗುವನ್ನು ಜಮಖಾನೆಯ ಮೇಲೆ ಮಲಗಿಸಿದಳು. ಅದು ಬಟ್ಟೆಯ ವಾಸನೆ ಹಿಡಿದು, ಮುಖ ಒತ್ತಿಕೊಂಡು, ಹಾಗೇ ನಿದ್ದೆ ಮುಂದುವರಿಸಿತು. ಹೆಂಡತಿ ಪಿಸುದನಿಯಲ್ಲಿ ಹೇಳಿದಳು:

"ಮೂಗು ನೋಡಿದ್ರೆ ಗೊತ್ತಾಗಲ್ವಾ? ಹೋದ ತಿಂಗಳು ನೀವು ಟೂರ್ ಹೋಗಿದ್ರಲ್ಲ, ಆಗ ನಿಮ್ಮ ಗುಬ್ಬಿ ಇವಳನ್ನ ಎತ್ಕೊಂಡು ನಮ್ಮ ಬಾಗಿಲಿಗೆ ಬಂದಿದ್ಲು. ಬಟ್ಟೆ ಬಿಚ್ಚಿ ತಲೆ ತೋರಿಸಿದ್ಲು, ಒಂದು ಕೂದಲಿಲ್ಲ. ಡಾಕ್ಟ್ರು ಕೈ ಚೆಲ್ಲಿದಾರೆ. ಮಗೂಗೆ ಹೊಸ ಜಾಗ ಅನ್ನಿಸ್ಬಾರ್ದು ಅಂತ ಸಾಮಾನು ಮೊದ್ಲು ತಂದ್ವಿ. ನೀವೇನ್ಮಾಡ್ತೀರಿ ನೋಡೋಣ ಅಂತ ಅವಳನ್ನ ಸಂತೇಲಿ ಕೂರಿಸಿದ್ದೂ ನಾನೇ, ಕಳ್ಳಿ ಅಂತ ಬೈತೀನಿ ಅಂತ ಮೊದ್ಲೇ ಹೇಳಿದ್ದೂ ನಾನೇ. ಒಂದು ಸಲ ನೀವು ಬಾಯಿ ಬಿಟ್ಟು 'ಅವಳು ಅಂಥೋಳಲ್ಲ' ಅಂದಿದ್ರೆ ಸಾಕಿತ್ತು."

ಅವನು ಕುರ್ಚಿಯ ತೋಳು ಹಿಡಿದುಕೊಂಡ. "ನನಗೆ... ಮಗು ಇದೆ ಅಂತ ಗೊತ್ತಿರ್ಲಿಲ್ಲ ಕಣೇ."

"ನಿಧಾನ, ಎದ್ದುಬಿಡ್ತಾಳೆ" ಎಂದಳು ಹೆಂಡತಿ. "ಮಗೂನ ಕೊಡುವಾಗ ಅವಳು ಒಂದೇ ಒಂದು ಕೇಳ್ಕೊಂಡ್ಲು, ಈ ಮನೇಲಿ ನೀವಿರಬಾರದು ಅಂತ. ನಾನು ಹೂಂ ಅಂದೆ."